ಹುಡಗಿಯಲ್ಲೊಂದು ಕಿರುಗಡಲು

ಬೀದರ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ ಹುಡಗಿ ಎಂಬುದೊಂದು ಊರು. ದೂರದವರು ಆ ಹೆಸರನ್ನು ಓದುವಾಗ ನಡುವಣ ಅಕ್ಷರಕ್ಕೆ ತಾವಾಗಿಯೇ ಒಂದು ಕೊಂಬನ್ನು ತೊಡಿಸಿ ನಗುವುದುಂಟು. ಊರಿನವರಿಗೆ ಅದು ಹಳಸಿದ ಹಾಸ್ಯ. ತೊಗರಿ, ಕಡಲೆ, ಜೋಳ, ಕಬ್ಬು ಬೆಳೆಯುವ ಈ ಪ್ರಸ್ಥಭೂಮಿಗೆ ಮೀನೇನೂ ಅಪರಿಚಿತವಲ್ಲ. ಜಿಲ್ಲೆಯಲ್ಲಿ ಕಾರಂಜಾ ಜಲಾಶಯವುಂಟು, ಬಸವಕಲ್ಯಾಣದ ಕಡೆಗೆ ಚುಳಕಿನಾಲೆಯುಂಟು. ಆದರೆ ಕಡಲ ಮೀನಿನ ಮಾತು ಬೇರೆ. ಹುಮನಾಬಾದನ್ನು ಹಾದುಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಪುಣೆಯಿಂದ ಹೊರಟು ಮಚಲೀಪಟ್ಟಣದಲ್ಲಿ ಕಡಲನ್ನು ಮುಟ್ಟುತ್ತದೆಂಬುದು ನಿಜ. ಆದರೂ ಪೂರ್ವಕ್ಕೆ ಹೋಗಲಿ, ಪಶ್ಚಿಮಕ್ಕೆ ಹೋಗಲಿ, ಅಲೆಯ ಸದ್ದು ಕೇಳಬೇಕಾದರೆ ನೂರಾರು ಕಿಲೋಮೀಟರು ಸಾಗಬೇಕು.

ಇಂತಹ ಊರಿನ ಒಂದು ಮನೆಯಲ್ಲಿ ಮಗುವೊಂದು 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಚಿತ್ರವನ್ನು ನೋಡಿ, ಕಿತ್ತಳೆಯ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಆ ಮೀನೇ ಬೇಕೆಂದು ಹಟ ಹಿಡಿಯಿತೆನ್ನಿ. ತಂದೆ ಹೈದರಾಬಾದಿಗೆ ಹೋದಾಗ ಅಂಗಡಿಯಲ್ಲಿ ವಿಚಾರಿಸುತ್ತಾನೆ. ಅಂಗಡಿಯವನು ಗಾಜಿನ ತೊಟ್ಟಿ, ದೀಪ, ಶೋಧಕ, ಉಪ್ಪಿನ ಚೀಲ, ಮೀನು ಎಲ್ಲವನ್ನೂ ಒಂದೇ ದಿನ ಒಂದೇ ಚೀಟಿಯಲ್ಲಿ ಬರೆದುಕೊಡಲು ಸಿದ್ಧನಾಗಿರುತ್ತಾನೆ. ಮೂರನೆಯ ವಾರದಲ್ಲಿ ಮೀನು ಸತ್ತು ತೇಲುವ ಸಂಗತಿ ಮಾತ್ರ ಆ ಚೀಟಿಯಲ್ಲಿರುವುದಿಲ್ಲ. ಹಣ ಹೋದುದು ಹಾಗಿರಲಿ, ಮಗುವಿಗೆ ಉತ್ತರ ಹೇಳುವವರು ಯಾರು?

ಕಡಲಿಲ್ಲದ ಕಡೆ ಕಡಲನ್ನು ಕಟ್ಟುವ ಆಸೆ ಹೊಸದಲ್ಲ. ಮುಂಬಯಿಯ ಮೆರೀನ್ ಡ್ರೈವ್‌ನಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವನ್ನು ಈ ಸೀಮೆಯ ಎಷ್ಟೋ ಮಂದಿ ಕಂಡು ಬೆರಗಾಗಿದ್ದರು. ಅದರ ಎದುರಿಗೇ ಕಡಲಿತ್ತು. ಒಳನಾಡಿನವರಿಗೆ ದಾರಿ ತೋರಿದವರು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಮತ್ತು ರಾಬರ್ಟ್ ವಾರಿಂಗ್‌ಟನ್ ಮೊದಲಾದವರು. 1854ರ ಸುಮಾರಿಗೆ ಗಾಸ್ ಅಡುಗೆಯುಪ್ಪಿನೊಡನೆ ಮೆಗ್ನೀಸಿಯಮ್, ಪೊಟ್ಯಾಸಿಯಮ್ ಲವಣಗಳನ್ನು ಸಿಹಿನೀರಿನಲ್ಲಿ ಕರಗಿಸಿ, ಲಂಡನ್ನಿನ ಮನೆಯಲ್ಲಿಯೇ ಕಡಲ ನೀರನ್ನು ತಯಾರಿಸಿ ಜೀವಿಗಳನ್ನು ಸಾಕಿದ. ‘ಅಕ್ವೇರಿಯಂ’ ಎಂಬ ಮಾತು ಬಳಕೆಗೆ ಬಂದುದೂ ಅವನ ಪುಸ್ತಕದಿಂದಲೇ. ಇಂದು ಅಂಗಡಿಯಲ್ಲಿ ದೊರೆಯುವ ಕಡಲುಪ್ಪಿನ ಮಿಶ್ರಣ ಆ ಕೆಲಸದ ಮೊಮ್ಮಗುವೆನ್ನಬಹುದು. ಲೀಟರಿಗೆ ಸುಮಾರು 35 ಗ್ರಾಂ. ಇನ್ನೂರು ಲೀಟರಿನ ತೊಟ್ಟಿಗೆ ಏಳು ಕಿಲೋ. ಅಡುಗೆಮನೆಯ ಉಪ್ಪಿನಿಂದ ಈ ಕೆಲಸವಾಗದು; ಕಡಲಿನ ಲವಣಾಂಶದಲ್ಲಿ ಆರನೆಯ ಒಂದು ಪಾಲಿನಷ್ಟು ಬೇರೆ ಬೇರೆ ಧಾತುಗಳಿದ್ದು, ಅವಿಲ್ಲದೆ ಮೀನು ಬಾಳದು.

ನೀರು ಸಿದ್ಧವಾದರೆ ಉಳಿಯುವುದು ಶೋಧಕದ ಪ್ರಶ್ನೆ. ಶೋಧಕವೆಂದರೆ ಕಸವನ್ನು ಸೋಸುವ ಜರಡಿಯೆಂದು ಬಹಳ ಮಂದಿ ತಿಳಿದಿದ್ದಾರೆ. ಕಣ್ಣಿಗೆ ಕಾಣುವ ಕಸ ಮೀನನ್ನು ಕೊಲ್ಲುವುದು ಅಪರೂಪ. ಕೊಲ್ಲುವುದು ಕಾಣದ ಅಮೋನಿಯ. ಮೀನು ಉಸಿರಾಡುತ್ತಲೇ ಕಿವಿರುಗಳ ಮೂಲಕ ಅದನ್ನು ಹೊರಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅದೇ ಆಗುತ್ತದೆ. ಕಡಲ ನೀರು ಕ್ಷಾರಗುಣವುಳ್ಳದ್ದಾದುದರಿಂದ ಅಲ್ಲಿ ಅಮೋನಿಯದ ವಿಷರೂಪದ ಪ್ರಮಾಣ ಸಾಧಾರಣ ಸಿಹಿನೀರಿನಲ್ಲಿರುವುದಕ್ಕಿಂತ ಹತ್ತು ಮಡಿಗೂ ಹೆಚ್ಚಾಗಬಹುದು. ಸಾಲದುದಕ್ಕೆ ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕ ಸಿಹಿನೀರಿನಲ್ಲಿ ಕರಗುವುದಕ್ಕಿಂತ ಐದನೆಯ ಒಂದು ಪಾಲಿನಷ್ಟು ಕಡಮೆ. ಚಿನ್ನದ ಮೀನನ್ನು ಬೋಗುಣಿಯಲ್ಲಿಟ್ಟು ನಾಲ್ಕು ದಿನ ಬದುಕಿಸಿದವರು ಈ ಲೆಕ್ಕದಲ್ಲಿ ಮೋಸಹೋಗುತ್ತಾರೆ.

ಆ ವಿಷವನ್ನು ನಿವಾರಿಸುವವರು ಸೂಕ್ಷ್ಮಾಣುಗಳು. ಇವುಗಳ ಬಾಳನ್ನು 1890ರಲ್ಲಿ ರಷ್ಯದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಬಿಡಿಸಿ ತೋರಿಸಿದ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಕೊನೆಯದು ಮೀನಿಗೆ ಬಹುಮಟ್ಟಿಗೆ ಸಹ್ಯ. ತೊಲಗಿದ ಕೆರೆಯ ಹೂಳು ಹೊಲಕ್ಕೆ ಗೊಬ್ಬರವಾಗುವುದೂ ಇಂಥವುಗಳ ಕೆಲಸದಿಂದಲೇ. ಅವಕ್ಕೆ ಬೇಕಾದುದು ಎರಡೇ: ಅಂಟಿಕೊಂಡು ಕೂರಲು ವಿಶಾಲವಾದ ಮೈ, ಉಸಿರಾಡಲು ಧಾರಾಳವಾದ ಆಮ್ಲಜನಕ. ಶೋಧಕವನ್ನು ಆಯುವಾಗ ‘ಇದು ಎಷ್ಟು ಕಸ ಹಿಡಿಯುತ್ತದೆ?’ ಎಂದು ಕೇಳುವುದಕ್ಕಿಂತ ‘ಇದರೊಳಗಿನ ಜೀವಿಗಳು ಹೇಗೆ ಉಸಿರಾಡುತ್ತವೆ?’ ಎಂದು ಕೇಳುವುದು ಮೇಲು.

ಈ ಪ್ರಶ್ನೆಯನ್ನು ಹಿಡಿದು ಅಂಗಡಿಗೆ ಹೋದರೆ ಆಯ್ಕೆ ಬೇಗ ಕಿರಿದಾಗುತ್ತದೆ. ಜಲ್ಲಿಯ ಕೆಳಗೆ ಜಾಲರಿಯನ್ನು ಹಾಸಿ ನೀರನ್ನು ಎಳೆಯುವ ಹಳೆಯ ಬಗೆ ಅಗ್ಗವಾದರೂ, ಕೆಳಗೆ ಕೊಳೆ ಕಟ್ಟಿದ ಮೇಲೆ ಇಡೀ ತೊಟ್ಟಿಯನ್ನು ಬರಿದುಮಾಡದೆ ಅದನ್ನು ತೆಗೆಯುವಂತಿಲ್ಲ. ತೊಟ್ಟಿಯ ಅಂಚಿಗೆ ತೂಗುಹಾಕುವ ಡಬ್ಬಿ ಚಿಕ್ಕ ತೊಟ್ಟಿಗೆ ಸಾಕು, ದೊಡ್ಡದಕ್ಕೆ ಸಾಲದು. ಅಂಗಡಿಯವರು ಬಹಳವಾಗಿ ಹೊಗಳುವುದು ಕ್ಯಾನಿಸ್ಟರ್ ಎಂಬ ಮುಚ್ಚಿದ ಡಬ್ಬಿಯನ್ನು. ಸದ್ದಿಲ್ಲ, ಮೇಜಿನ ಕೆಳಗೆ ಅಡಗಿರುತ್ತದೆ, ನೋಡಲು ಅಂದ. ಬೆಂಗಳೂರಿನ ಬಹುಮಹಡಿಯ ಮನೆಗೆ ಅದು ಒಪ್ಪಬಹುದು. ವಿದ್ಯುತ್ತು ಹೇಳದೆ ಕೇಳದೆ ಹೋಗುವ ಊರಿನಲ್ಲಿ ಅದೇ ಅಪಾಯದ ಪೆಟ್ಟಿಗೆ. ಪಂಪು ನಿಂತೊಡನೆ ಡಬ್ಬಿಯೊಳಗಿನ ನೀರು ನಿಲ್ಲುತ್ತದೆ. ಒಳಗೆ ಕೋಟ್ಯನುಕೋಟಿ ಜೀವಿಗಳು ಇದ್ದ ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿ ಸಾಯತೊಡಗುತ್ತವೆ. ನಡುರಾತ್ರಿ ವಿದ್ಯುತ್ತು ಮರಳಿದಾಗ ಪಂಪು ಆ ಕೊಳೆತ ನೀರನ್ನು ನೇರವಾಗಿ ಮೀನಿನ ಮೇಲೆ ಸುರಿಯುತ್ತದೆ. ಬೆಳಗ್ಗೆ ಎದ್ದ ಮನೆಯವರು ಮೀನಿಗೆ ರೋಗ ಬಂದಿತೆಂದು ತಿಳಿಯುತ್ತಾರೆ.

ಹುಡಗಿಯಂತಹ ಊರಿಗೆ ಒಪ್ಪುವುದು ತೆರೆದ ಶೋಧಕ. ತೊಟ್ಟಿಯ ಕೆಳಗೆ ಇನ್ನೊಂದು ಚಿಕ್ಕ ತೊಟ್ಟಿ. ಮೇಲಿನಿಂದ ತುಳುಕಿದ ನೀರು ಮೊದಲು ಸ್ಪಂಜಿನ ಮೇಲೆ, ಆಮೇಲೆ ಪಿಂಗಾಣಿಯ ಬಳೆಗಳ ಅಥವಾ ಮುಳ್ಳುಮುಳ್ಳಾದ ಪ್ಲಾಸ್ಟಿಕ್ ಚೆಂಡುಗಳ ರಾಶಿಯ ಮೇಲೆ ಹನಿಹನಿಯಾಗಿ ಇಳಿದು ಕೆಳಗೆ ಸೇರುತ್ತದೆ. ಅಲ್ಲಿಂದ ಪಂಪು ಮೇಲೇರಿಸುತ್ತದೆ. ರಾಶಿ ನೀರಿನಲ್ಲಿ ಮುಳುಗಿರದೆ ಗಾಳಿಯಲ್ಲಿ ಒದ್ದೆಯಾಗಿರುವುದರಿಂದ ಪಂಪು ನಿಂತರೂ ಜೀವಿಗಳು ಉಸಿರುಕಟ್ಟವು. ತೇವ ಆರದಂತೆ ಆಗಾಗ ಒಂದು ಲೋಟ ತೊಟ್ಟಿಯ ನೀರನ್ನು ಅದರ ಮೇಲೆ ಸುರಿದರೆ ಬಹು ಹೊತ್ತು ಬದುಕುತ್ತವೆ. ಇದಕ್ಕೆ ಇನ್ನೊಂದು ಗುಣವುಂಟು. ಬೀದರದ ಕಡೆಯ ಬೇಸಗೆ ಒಣ ಬೇಸಗೆ. ಹನಿಯುವ ನೀರಿನ ಮೇಲೆ ಒಂದು ಚಿಕ್ಕ ಫ್ಯಾನನ್ನು ಇಟ್ಟರೆ, ಮನೆಯ ಕೂಲರಿನ ನ್ಯಾಯದಲ್ಲಿಯೇ, ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ತಣಿಯುತ್ತದೆ. ಕರಾವಳಿಯ ಜಿಗುಟುಗಾಳಿಯಲ್ಲಿ ಈ ಉಪಾಯ ಇಷ್ಟು ಚೆನ್ನಾಗಿ ನಡೆಯದು. ಇಲ್ಲಿ ಒಳನಾಡಿಗೇ ಲಾಭ.

ಎಚ್ಚರಿಕೆಯೊಂದು ಬೇಕು. ಪಂಪು ನಿಂತಾಗ ಮೇಲಿನ ತೊಟ್ಟಿಯ ನೀರು ತುಳುಕುಬಾಯಿಯ ಮಟ್ಟದವರೆಗೆ ಕೆಳಗಿಳಿಯುತ್ತದೆ. ತೊಂಬತ್ತು ಸೆಂಟಿಮೀಟರು ಉದ್ದ, ನಲವತ್ತೈದು ಅಗಲದ ತೊಟ್ಟಿಯಲ್ಲಿ ಮೂರು ಸೆಂಟಿಮೀಟರು ಇಳಿದರೂ ಹನ್ನೆರಡು ಲೀಟರು. ಕೆಳತೊಟ್ಟಿಯಲ್ಲಿ ಅಷ್ಟು ಜಾಗ ಖಾಲಿ ಇರದಿದ್ದರೆ ಉಪ್ಪುನೀರು ನಡುಮನೆಯ ಶಹಾಬಾದು ಕಲ್ಲಿನ ಮೇಲೆ ಹರಿಯುತ್ತದೆ, ಗೃಹಿಣಿಯ ಅನುಮತಿ ಅಂದಿಗೆ ರದ್ದಾಗುತ್ತದೆ. ಮೀನು ತರುವ ಮೊದಲೇ ಹತ್ತು ಸಲ ಪಂಪಿನ ಗುಂಡಿ ಆರಿಸಿ ನೋಡುವುದು ಜಾಣತನ. ಪಂಪಿನ ಡಬ್ಬಿಯ ಮೇಲೆ ಗಂಟೆಗೆ ಸಾವಿರ ಲೀಟರೆಂದು ಬರೆದಿದ್ದರೂ, ನೀರನ್ನು ಒಂದು ಮೀಟರು ಎತ್ತರಕ್ಕೆ ಏರಿಸುವಾಗ ಅದು ಅಷ್ಟನ್ನು ಕೊಡುವುದಿಲ್ಲ. ಒಂದು ಮಟ್ಟ ದೊಡ್ಡದನ್ನೇ ಕೊಳ್ಳಬೇಕು. ಮನೆಯಲ್ಲಿ ಇನ್ವರ್ಟರಿದ್ದರೆ ಮೊದಲು ಅದಕ್ಕೆ ಜೋಡಿಸಬೇಕಾದುದು ಈ ಪಂಪನ್ನು, ಟೆಲಿವಿಷನ್ನನ್ನಲ್ಲ. ಇಲ್ಲದವರು ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದನ್ನು ಇಟ್ಟುಕೊಳ್ಳದೆ ವಿಧಿಯಿಲ್ಲ.

ಎರಡನೆಯ ಸಾಧನ ಪ್ರೋಟೀನ್ ಸ್ಕಿಮ್ಮರ್. ಹೆಸರು ಭಾರಿ, ತತ್ತ್ವವನ್ನು ಆಲೆಮನೆ ಕಂಡವರು ಬೇಗ ಗ್ರಹಿಸಬಲ್ಲರು. ಕಬ್ಬಿನ ಹಾಲು ಕುದಿಯುವಾಗ ಮೇಲೇಳುವ ಕೊಳೆನೊರೆಯನ್ನು ಜಾಲರಿಸೌಟಿನಿಂದ ಎತ್ತಿ ಎಸೆಯದಿದ್ದರೆ ಬೆಲ್ಲ ಕಪ್ಪಾಗುತ್ತದಲ್ಲವೆ? ಇಲ್ಲಿ ಬೆಂಕಿಯ ಬದಲು ಗಾಳಿ. ಒಂದು ಕೊಳವೆಯೊಳಗೆ ನೀರಿಗೆ ಅತಿ ಸಣ್ಣ ಗುಳ್ಳೆಗಳನ್ನು ಬೆರೆಸಿದರೆ, ನೀರಿನಲ್ಲಿ ಕರಗಿದ ಜೀವಜನ್ಯ ಕಲ್ಮಷ ಗುಳ್ಳೆಯ ಮೈಗೆ ಅಂಟಿ ನೊರೆಯಾಗಿ ಮೇಲೇರಿ ಬಟ್ಟಲಿಗೆ ಬೀಳುತ್ತದೆ. ಬೆಳಗಾಗುವಷ್ಟರಲ್ಲಿ ಕಡುಚಹದ ಬಣ್ಣದ ನಾರುವ ದ್ರವ ಸೇರಿರುತ್ತದೆ. ಸಿಹಿನೀರಿನಲ್ಲಿ ಇಂಥ ನೊರೆ ನಿಲ್ಲದು. ಇದು ಕಡಲನೀರಿಗೇ ಮೀಸಲಾದ ಯಂತ್ರ. ಇತರ ಶೋಧಕಗಳು ಕೊಳೆಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸಿದರೆ, ಇದು ಕೊಳೆತು ಅಮೋನಿಯವಾಗುವ ಮುನ್ನವೇ ಅದನ್ನು ಮನೆಯಿಂದ ಹೊರಗೆ ಹಾಕುತ್ತದೆ. ಮೀನುಗಳಷ್ಟೇ ಇರುವ ತೊಟ್ಟಿಯಲ್ಲಿ ಆಹಾರ ಧಾರಾಳವಾಗಿ ಬೀಳುವುದರಿಂದ, ತಯಾರಕರು ಹೇಳುವ ಅಳತೆಗಿಂತ ದೊಡ್ಡದನ್ನೇ ಆರಿಸುವುದು ಲೇಸು. ಹಣ ಸಾಲದಿದ್ದರೆ ದೀಪದಲ್ಲಿ ಉಳಿಸಬಹುದು. ಹವಳವಿಲ್ಲದ ತೊಟ್ಟಿಗೆ ಪ್ರಖರವಾದ ದೀಪ ಬೇಕಿಲ್ಲ. ನೇರಳಾತೀತ ಕಿರಣದ ಕೊಳವೆಯನ್ನೂ ಮುಂದೂಡಬಹುದು.

ಹವಳದ ಮಾತು ಬಂದುದರಿಂದ ಒಂದು ವಿಷಯ. ‘ಜೀವಂತ ಕಲ್ಲು’ ಎಂಬ ಹೆಸರಿನಲ್ಲಿ ಹವಳದ ದಿಬ್ಬದಿಂದ ಕಿತ್ತ ತುಂಡುಗಳನ್ನು ಶೋಧಕವಾಗಿ ಬಳಸುವ ಪದ್ಧತಿ ಹೊರದೇಶಗಳಲ್ಲಿ ಬಹಳ ಪ್ರಸಿದ್ಧ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗೆ 2001ರಲ್ಲಿ ಹವಳಗಳನ್ನೂ ಕಡಲಕುದುರೆಗಳನ್ನೂ ಸೇರಿಸಲಾಯಿತು. ಅಂಗಡಿಯವನು ಗುಟ್ಟಾಗಿ ತೋರಿಸಿದರೂ ಕೊಳ್ಳಬಾರದು. ನಷ್ಟವೂ ಇಲ್ಲ: ಕಡಲ ಮೀನಿಗೆ ಬಿಳಿಚುಕ್ಕಿ ರೋಗ ಬಂದಾಗ ಕೊಡುವ ತಾಮ್ರದ ಔಷಧಿಯನ್ನು ಸುಣ್ಣದ ಕಲ್ಲುಗಳು ಹೀರಿಬಿಡುತ್ತವೆ. ಔಷಧೋಪಚಾರಕ್ಕೆ ಬೇರೆಯೇ ಒಂದು ಚಿಕ್ಕ ತೊಟ್ಟಿಯಿದ್ದರೆ ಇನ್ನೂ ಮೇಲು. ಮೀನನ್ನು ಕೊಳ್ಳುವಾಗಲೂ ದಿಬ್ಬದಿಂದ ಹಿಡಿದುದನ್ನು ಬಿಟ್ಟು, ಸಾಕಣೆಯಲ್ಲಿ ಹುಟ್ಟಿದುದನ್ನು ಕೇಳಿ ತರಬೇಕು. ಆ ಕಿತ್ತಳೆಯ ಮೀನಿನ ಬಳಗವನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಾಧಿಸಿದ್ದಾರೆ.

ಎಲ್ಲ ಸಾಧನಗಳೂ ಬಂದ ದಿನ ಮೀನು ಬರಕೂಡದು. ಹೊಸ ಶೋಧಕದಲ್ಲಿ ಸೂಕ್ಷ್ಮಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಅವಕ್ಕೆ ಉಣಿಸಬೇಕಾದುದು ಅಮೋನಿಯವನ್ನೇ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೂ ಅಮೋನಿಯದ ಲವಣವೇ. ಆದರೆ ಬಜಾರಿನ ನವಸಾಗರದಲ್ಲಿ ಏನೇನು ಬೆರೆತಿರುತ್ತದೋ ಹೇಳಲಾಗದು, ಆದುದರಿಂದ ಪ್ರಯೋಗಶಾಲೆಗಳಿಗೆ ಮಾರುವ ಶುದ್ಧವಾದುದನ್ನು ಚಿಟಿಕೆಯಷ್ಟು ಹಾಕುವುದು ಕ್ಷೇಮ. ಪರೀಕ್ಷೆಯ ದ್ರಾವಣದಲ್ಲಿ ಮೊದಲು ಅಮೋನಿಯ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಾದ ಮೇಲೆ ಎರಡು ಮೀನು. ಇನ್ನೆರಡು, ತಿಂಗಳ ನಂತರ. ಹಟ ಹಿಡಿದ ಮಗುವಿಗೆ ಆರು ವಾರ ಖಾಲಿ ತೊಟ್ಟಿಯನ್ನು ತೋರಿಸುವುದು ಕಷ್ಟವೇ ಸರಿ. ದಿನವೂ ಬಣ್ಣ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಅದಕ್ಕೇ ವಹಿಸಿದರೆ ಅರ್ಧ ಹಟ ಇಳಿಯುತ್ತದೆ.

ನಿತ್ಯದ ಉಪಚಾರದಲ್ಲಿ ಮುಖ್ಯವಾದುವು ಮೂರು ನಾಲ್ಕು. ಕೊಳವೆಬಾವಿಯ ಗಡಸುನೀರಿನಲ್ಲಿ ಹೊಲದ ಗೊಬ್ಬರದ ನೈಟ್ರೇಟೂ ಇರಬಹುದಾದುದರಿಂದ, ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ತರುವುದು ಒಳ್ಳೆಯದು. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಆ ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರು ಸೇರಿಸಿದರೆ ತೊಟ್ಟಿ ದಿನದಿನಕ್ಕೆ ಖಾರವಾಗುತ್ತದೆ. ಸ್ಪಂಜನ್ನು ನಲ್ಲಿಯಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ಕೂಡುತ್ತ ಹೋಗುವ ನೈಟ್ರೇಟನ್ನು ತಗ್ಗಿಸಲು ತಿಂಗಳಿಗೊಮ್ಮೆ ಐದನೆಯ ಒಂದು ಪಾಲು ನೀರನ್ನು ಬದಲಿಸಬೇಕು.

ಹಾಗೆ ತೆಗೆದ ನಲವತ್ತು ಲೀಟರಿನಲ್ಲಿ ಒಂದೂಕಾಲು ಕಿಲೋಗೂ ಮೀರಿದ ಉಪ್ಪಿರುತ್ತದೆ. ಮೀನಿನ ನೀರು ಗಿಡಕ್ಕೆ ಗೊಬ್ಬರವೆಂಬ ಮಾತು ಸಿಹಿನೀರಿಗೆ ಸಲ್ಲುತ್ತದೆ. ಇದನ್ನು ಹಿತ್ತಲಿನ ಕರಿಬೇವಿಗೋ ಹೊಲದ ಬದುವಿಗೋ ಸುರಿದರೆ ಕಪ್ಪುಮಣ್ಣು ಬಹುಕಾಲ ಅದನ್ನು ಮರೆಯದು. ಮಾಳಿಗೆಯ ಮೇಲೆ ಅಗಲವಾದ ತಟ್ಟೆಗಳಲ್ಲಿ ಹರಡಿದರೆ ಏಪ್ರಿಲ್ ತಿಂಗಳ ಬಿಸಿಲು ಕೆಲವೇ ದಿನಗಳಲ್ಲಿ ಒಣಗಿಸಿಕೊಡುತ್ತದೆ. ಉಳಿದ ಉಪ್ಪನ್ನು ಕೆರೆದು ಕಸದ ಗಾಡಿಗೆ ಹಾಕಬಹುದು. ಉಪ್ಪಿನಕಾಯಿಯ ಭರಣಿಯ ಬಳಿ ಮಾತ್ರ ಇಡಬಾರದು.