ತೆಂಗಿನಕಾಯಿ ಹಬ್ಬಕ್ಕಿರಲಿ, ಅಭ್ಯಾಸಕ್ಕೆ ಕಾಗದ ಸಾಕು: ಗುಂಡು ಹೊಡೆಯುವ ಸ್ಪರ್ಧೆಗಳಿಗೆ ಊರಲ್ಲೇ ಗುರಿ ಮಾಡಿಕೊಳ್ಳುವ ಲೆಕ್ಕ

ನಾಟಿ ಮುಗಿದು ಕೈಲ್ ಮುಹೂರ್ತ ಹತ್ತಿರ ಬಂತು ಅಂದರೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಮಾತು ಶುರುವಾಗುತ್ತೆ. ಸಂಘ, ಯುವಕ ಮಂಡಳಿಯವರು ಮೈದಾನ ನೋಡ್ತಾರೆ, ಬಹುಮಾನಕ್ಕೆ ದಾನಿಗಳನ್ನ ಹುಡುಕ್ತಾರೆ, ಅಂಗಡಿಗಳಿಗೆ ರಸೀದಿ ಪುಸ್ತಕ ಹಿಡಿದು ಬರ್ತಾರೆ. ಖರ್ಚಿನ ಪಟ್ಟಿಯಲ್ಲಿ ಶಾಮಿಯಾನ, ಮೈಕ್, ಊಟ, ಟ್ರೋಫಿ ಎಲ್ಲ ಇರುತ್ತೆ. ಗುರಿ ಅನ್ನೋ ಸಾಲಿನಲ್ಲಿ ಮಾತ್ರ ಒಂದೇ ಹೆಸರು: ತೆಂಗಿನಕಾಯಿ.

ಈ ಒಂದು ಸಾಲಿನ ಬಗ್ಗೆ ಈ ಸಲ ಸ್ವಲ್ಪ ಯೋಚನೆ ಮಾಡಬೇಕು. 2025ರಲ್ಲಿ ಕಾಯಿ ಬೆಲೆ ಹೇಗೆ ಏರಿತು ಅನ್ನೋದು ಅಡುಗೆ ಮನೆಯವರಿಗೂ ಗೊತ್ತು, ದಿನಸಿ ಅಂಗಡಿಯವರಿಗೂ ಗೊತ್ತು. ಆದರೆ ವಿಷಯ ದುಡ್ಡಿನದ್ದು ಮಾತ್ರ ಅಲ್ಲ. ಕೋವಿ ಇರುವ ಮನೆ ಇಷ್ಟೊಂದು ಇರುವ ಜಿಲ್ಲೆಯಲ್ಲಿ ವರ್ಷಕ್ಕೆ ಒಂದೆರಡು ದಿನ ಬಿಟ್ಟರೆ ಗುರಿ ಇಟ್ಟು ಅಭ್ಯಾಸ ಮಾಡುವವರು ಕಡಿಮೆ. ಅಭ್ಯಾಸ ಇಲ್ಲದ ಕೈಗೆ ಹಬ್ಬದ ದಿನ ಜನರ ಮಧ್ಯೆ ಕೋವಿ ಕೊಡೋದು ಒಳ್ಳೆಯದಲ್ಲ. ಅಭ್ಯಾಸಕ್ಕೆ ಬೇಕಾದ ಗುರಿಯನ್ನ ಜೆರಾಕ್ಸ್ ಅಂಗಡಿ, ರಟ್ಟಿನ ಬಾಕ್ಸ್, ಗುಜರಿ, ವೆಲ್ಡಿಂಗ್ ಶಾಪ್ ಇಷ್ಟರಲ್ಲೇ ಮಾಡಿಕೊಳ್ಳಬಹುದು.

ಕಾಯಿ ಏನು ಹೇಳುತ್ತೆ, ಏನು ಹೇಳಲ್ಲ

ತೆಂಗಿನಕಾಯಿಗೆ ಗುಂಡು ಬಿದ್ದರೆ ಒಡೆಯುತ್ತೆ, ನೀರು ಚಿಮ್ಮುತ್ತೆ, ಜನ ಕೇಕೆ ಹಾಕ್ತಾರೆ. ನೋಡೋಕೆ ಇದಕ್ಕಿಂತ ಚಂದದ ಗುರಿ ಇಲ್ಲ. ಬಿತ್ತಾ, ಇಲ್ವಾ ಅಂತ ತೀರ್ಪುಗಾರರ ಜೊತೆ ಜಗಳವೂ ಕಡಿಮೆ.

ಕಲಿಯುವವನಿಗೆ ಮಾತ್ರ ಅದರಿಂದ ಏನೂ ಸಿಗಲ್ಲ. ಗುಂಡು ತಪ್ಪಿದರೆ ಎಡಕ್ಕೆ ಹೋಯ್ತಾ, ಮೇಲೆ ಹೋಯ್ತಾ, ಎಷ್ಟು ದೂರ ಹೋಯ್ತು ಅಂತ ಕಾಯಿ ಹೇಳಲ್ಲ. ಬಿದ್ದರೂ ನಟ್ಟ ನಡುವೆ ಬಿತ್ತಾ, ಅಂಚಿಗೆ ತಾಗಿತಾ ಗೊತ್ತಾಗಲ್ಲ. ಕಾಗದದ ಗುರಿಯಲ್ಲಿ ಐದು ಗುಂಡು ಹೊಡೆದರೆ ಐದು ತೂತು ಕಣ್ಣೆದುರು ಇರುತ್ತೆ. ಐದೂ ಒಂದೇ ಕಡೆ ಗುಂಪಾಗಿ ಎಡಕ್ಕೆ ಬಿದ್ದಿದ್ರೆ ಕೋವಿಯ ಸೈಟ್ ಸರಿ ಮಾಡಬೇಕು. ದಿಕ್ಕಾಪಾಲಾಗಿ ಬಿದ್ದಿದ್ರೆ ಹಿಡಿತ, ಉಸಿರು, ಕುದುರೆ ಎಳೆಯುವ ಬೆರಳು ಸರಿಯಾಗಬೇಕು. ಈ ಎರಡರ ವ್ಯತ್ಯಾಸ ಗೊತ್ತಾಗದೆ ಯಾರೂ ಗುರಿಕಾರ ಆಗಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ ವಿಭಾಗದಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಪಕ್ಕದ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯವರು, ಹಳ್ಳಿಯಿಂದ ಬಂದವರು. ಅದೇ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ತಂದರು. ಆ ಮಟ್ಟದಲ್ಲಿ ಈಗ ಎಲ್ಲ ಎಲೆಕ್ಟ್ರಾನಿಕ್ ಗುರಿ, ಲಕ್ಷಗಳ ಲೆಕ್ಕ. ಅದು ಊರಿನ ಸಂಘಕ್ಕೆ ಆಗುವ ಮಾತಲ್ಲ. ಆದರೆ ಗುರಿಯ ಅಳತೆಗೆ ದುಡ್ಡು ಕೊಡಬೇಕಾಗಿಲ್ಲ, ಅದನ್ನ ಯಾರು ಬೇಕಾದರೂ ಬಳಸಬಹುದು.

ಕಾಗದದ ಕಾಯಿ

ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಗುರಿಯಲ್ಲಿ ನಡುವಿನ ಕಪ್ಪು ವೃತ್ತದ ಅಡ್ಡಳತೆ 112.4 ಮಿಲಿಮೀಟರ್. ಅಂದರೆ ಹತ್ತಿರ ಹತ್ತಿರ ಸುಲಿದ ತೆಂಗಿನಕಾಯಿಯಷ್ಟು. ಹೊರಗಿನ ಕೊನೆಯ ಉಂಗುರ 154.4 ಮಿ.ಮೀ., ಒಳಗಿನ ಹತ್ತು ಅಂಕದ ಉಂಗುರ 10.4 ಮಿ.ಮೀ. ಇಡೀ ಗುರಿ ಒಂದು ಎ4 ಹಾಳೆಯಲ್ಲಿ ಕೂರುತ್ತೆ. .22 ರೈಫಲ್‌ನಲ್ಲಿ ಕಾಯಿಗೆ ಹೊಡೆಯುವವರು ಇದೇ ಕಪ್ಪು ವೃತ್ತಕ್ಕೆ ಅಭ್ಯಾಸ ಮಾಡಿದರೆ ಕಾಯಿಗೇ ಅಭ್ಯಾಸ ಮಾಡಿದ ಹಾಗೆ. ಜೊತೆಗೆ ಗುಂಡು ಎಲ್ಲಿ ಬಿತ್ತು ಅನ್ನೋ ಲೆಕ್ಕವೂ ಸಿಗುತ್ತೆ.

ಏರ್‌ಗನ್‌ಗೆ ಇನ್ನೂ ಅಗ್ಗ. 10 ಮೀಟರ್ ಏರ್ ರೈಫಲ್ ಗುರಿಯ ಕಾರ್ಡ್ 80 ಮಿ.ಮೀ. ಚೌಕ. ಉಂಗುರಗಳ ಹೊರ ಅಳತೆ 45.5 ಮಿ.ಮೀ., ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಎ4 ಹಾಳೆಯಲ್ಲಿ ಆರು ಕಾರ್ಡ್ ಬರುತ್ತೆ. ಹೊಸಬರಿಗೆ ಇದು ತೀರಾ ಸಣ್ಣದಾಯ್ತು ಅನಿಸಿದರೆ ಏರ್ ಪಿಸ್ತೂಲಿನ ಗುರಿ ಹಾಕಬಹುದು. ಅದರ ಕಪ್ಪು ವೃತ್ತ 59.5 ಮಿ.ಮೀ., ಹತ್ತರ ಉಂಗುರ 11.5 ಮಿ.ಮೀ.

ಪ್ರಿಂಟ್ ಹಾಕಿಸುವಾಗ ನಾಲ್ಕು ವಿಷಯ ನೆನಪಿರಲಿ.

ಒಂದು, ಕಂಪ್ಯೂಟರಿನಲ್ಲಿ ‘ಫಿಟ್ ಟು ಪೇಜ್’ ಇದ್ದರೆ ಗುರಿ ಕುಗ್ಗುತ್ತೆ. ಶೇ 4ರಷ್ಟು ಕುಗ್ಗಿದರೂ 112 ಮಿ.ಮೀ. ಇದ್ದದ್ದು 108ಕ್ಕೆ ಬರುತ್ತೆ. ಶೇ 100 ಅಂತ ಇಟ್ಟು, ಮೊದಲ ಹಾಳೆಗೆ ಸ್ಕೇಲ್ ಹಿಡಿದು ನೋಡಿ ಆಮೇಲೆ ಉಳಿದದ್ದು ಹೊಡೆಸಬೇಕು. ಪಂದ್ಯಕ್ಕಾದರೆ ಎಲ್ಲ ಹಾಳೆಯೂ ಒಂದೇ ಅಂಗಡಿಯಲ್ಲಿ ಒಂದೇ ಸಲ ಆಗಲಿ.

ಎರಡು, ಮಾಮೂಲಿ ಜೆರಾಕ್ಸ್ ಹಾಳೆ ಗುಂಡು ಬಿದ್ದ ಕಡೆ ಹರಿದುಹೋಗುತ್ತೆ, ತೂತು ಉಂಗುರಕ್ಕೆ ತಾಗಿದೆಯಾ ಇಲ್ವಾ ಅಂತ ಹೇಳೋಕಾಗಲ್ಲ. ಅಭ್ಯಾಸಕ್ಕೆ ಅದು ನಡೆಯುತ್ತೆ. ಪಂದ್ಯಕ್ಕೆ ಮದುವೆ ಕಾರ್ಡ್ ಹೊಡೆಯುವ ಪ್ರೆಸ್‌ಗಳಲ್ಲಿ ಸಿಗುವ ದಪ್ಪ ಕಾರ್ಡ್ ಬೇಕು.

ಮೂರು, ಹೊಳೆಯುವ ಕಾಗದ ಬೇಡ. ಬಿಸಿಲಿಗೆ ಕಣ್ಣು ಕುಕ್ಕುತ್ತೆ. ಲ್ಯಾಮಿನೇಷನ್ ಮಾಡಿಸಿದರೆ ಗಟ್ಟಿ ಅನ್ನೋದೂ ತಪ್ಪು ಲೆಕ್ಕ, ಅದೂ ಹೊಳೆಯುತ್ತೆ.

ನಾಲ್ಕು, ನಮ್ಮ ಮಳೆ. ಇಂಕ್‌ಜೆಟ್ ಪ್ರಿಂಟ್ ಒಂದು ಹನಿ ಬಿದ್ದರೂ ಹರಡುತ್ತೆ. ಲೇಸರ್ ಅಥವಾ ಜೆರಾಕ್ಸ್ ಪ್ರಿಂಟೇ ಸರಿ.

ಬಾಳಿಕೆ ಬರಬೇಕಾದದ್ದು ಹಿಂದಿನ ಹಲಗೆ

ಗುರಿ ಕಾಗದ ಹೇಗಿದ್ರೂ ಹಾಳಾಗುತ್ತೆ. ಬಾಳಿಕೆ ಬರಬೇಕಾದದ್ದು ಅದನ್ನ ಹಿಡಿದು ನಿಲ್ಲಿಸುವ ಚೌಕಟ್ಟು ಮತ್ತು ಹಿಂದಿನ ರಟ್ಟು. ಟಿ.ವಿ., ಫ್ರಿಜ್ ಬಂದ ದೊಡ್ಡ ರಟ್ಟಿನ ಬಾಕ್ಸ್ ಅಂಗಡಿಯವರು ಗುಜರಿಗೆ ಹಾಕ್ತಾರೆ. ಅದನ್ನ ಕತ್ತರಿಸಿ ಎರಡು-ಮೂರು ಪದರ ಮೈದಾ ಅಂಟಿನಿಂದ ಅಂಟಿಸಿ, ಮೇಲೆ ಭಾರ ಇಟ್ಟು ಒಣಗಿಸಿದರೆ ಒಳ್ಳೆ ಹಲಗೆ ಆಗುತ್ತೆ. ಒಂದು ಪದರದ ಗೆರೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಬರುವ ಹಾಗೆ ಅಂಟಿಸಿದರೆ ಬಾಗಲ್ಲ. ನಡುಭಾಗ ತೂತು ಬಿದ್ದು ಸವೆದಾಗ ಅಲ್ಲಿಗೆ ಮಾತ್ರ ರಟ್ಟಿನ ತೇಪೆ ಹಾಕಿದರೆ ಸಾಕು, ಇಡೀ ಹಲಗೆ ಎಸೆಯಬೇಕಾಗಿಲ್ಲ.

ಜಡಿ ಮಳೆಯಲ್ಲಿ ರಟ್ಟು ನೆನೆದು ಮುದ್ದೆಯಾಗುತ್ತೆ. ಅದಕ್ಕೆ ಹಳೆ ಫ್ಲೆಕ್ಸ್ ಹೊದಿಸಬಹುದು. ಫ್ಲೆಕ್ಸ್‌ನ ಹಿಂಭಾಗ ಬೆಳ್ಳಗೆ, ನೀರಿಗೆ ನೆನೆಯಲ್ಲ. ಆದರೆ ಮುಗಿದ ಮೇಲೆ ಅದರ ಚೂರನ್ನ ತೋಟದಲ್ಲಿ ಬಿಟ್ಟು ಬರೋದು ಬೇಡ, ಸುಡೋದೂ ಬೇಡ.

ಚೌಕಟ್ಟಿಗೆ ಸಿಲ್ವರ್ ಓಕ್ ರೀಪು ಅಥವಾ ಬಿದಿರು ಸಾಕು. ಅದಕ್ಕೆ ಕಬ್ಬಿಣದ ಪೈಪ್ ಹಾಕೋ ಆಸೆ ಬೇಡ. ದುಂಡನೆಯ ಪೈಪಿಗೆ ತಾಗಿದ ಗುಂಡು ಎಲ್ಲಿಗೆ ತಿರುಗುತ್ತೆ ಅಂತ ಯಾರೂ ಹೇಳೋಕಾಗಲ್ಲ. ಮರಕ್ಕೆ ತಾಗಿದರೆ ಒಂದು ರೀಪು ಹೋಯ್ತು, ಅಷ್ಟೆ.

ಏರ್‌ಗನ್‌ಗೆ ಒಂದು ಪೆಟ್ಟಿಗೆ

ಮನೆ ಹಿತ್ತಿಲಲ್ಲಿ ಮಕ್ಕಳು ಏರ್‌ಗನ್ ಹಿಡಿಯೋದು ನಮ್ಮಲ್ಲಿ ಹೊಸದಲ್ಲ. ಜಾತ್ರೆಯ ಬಲೂನ್ ಅಂಗಡಿಯಲ್ಲಿ ಶುರುವಾದ ಹುಚ್ಚು ಅದು. ಅಪಾಯ ಇರೋದು ಗುರಿಯ ಹಿಂದೆ. ಗಟ್ಟಿ ಮರದ ಹಲಗೆಗೆ, ಗೋಡೆಗೆ, ಟೈರಿಗೆ ತಾಗಿದ ಪೆಲೆಟ್ ವಾಪಸ್ ಪುಟಿದು ಬರುತ್ತೆ. ಟೈರ್ ಮೆತ್ತಗಿದೆಯಲ್ಲ ಅಂತ ಎಷ್ಟೋ ಜನ ಅದನ್ನೇ ಗುರಿ ಮಾಡ್ತಾರೆ. ಆದರೆ ರಬ್ಬರ್ ಪೆಲೆಟನ್ನ ಒಳಗೆ ತಗೊಳ್ಳಲ್ಲ, ಚೆಂಡಿನ ಹಾಗೆ ಹಿಂದಕ್ಕೆ ಎಸೆಯುತ್ತೆ.

ಇದಕ್ಕೆ ಸುಲಭದ ದಾರಿ ಒಂದು ಪೆಟ್ಟಿಗೆ. ಒಂದಡಿ ಚೌಕ, ಮುಕ್ಕಾಲು ಅಡಿ ಆಳದ ಮರದ ಪೆಟ್ಟಿಗೆ ಮಾಡಿ, ಹಿಂಬದಿಗೆ 3 ಎಂಎಂ ಕಬ್ಬಿಣದ ಶೀಟ್ ಹಾಕಿಸಿ. ಒಳಗೆ ಹಳೆ ಹತ್ತಿ ಬಟ್ಟೆ ಅಥವಾ ಹಳೆ ಪೇಪರ್ ಕಟ್ಟನ್ನ ಒತ್ತಿ ಒತ್ತಿ ತುಂಬಿ. ಮುಂಭಾಗಕ್ಕೆ ರಟ್ಟು, ಅದರ ಮೇಲೆ ಗುರಿ ಕಾರ್ಡ್. ಪೆಲೆಟ್ ಬಟ್ಟೆಯೊಳಗೆ ಸಿಕ್ಕಿಕೊಳ್ಳುತ್ತೆ. ನಡುವೆ ಗುಳಿ ಬೀಳುತ್ತೆ, ಆದ್ದರಿಂದ ಆಗಾಗ ತೆಗೆದು ಮತ್ತೆ ತುಂಬಬೇಕು. ಇದು .177 ಏರ್‌ಗನ್‌ನ ಸೀಸದ ಪೆಲೆಟ್‌ಗೆ ಮಾತ್ರ. ಉಕ್ಕಿನ ದುಂಡು ಗುಂಡು ಹಾಕಲೇಬಾರದು. .22 ರೈಫಲ್‌ಗಂತೂ ಈ ಪೆಟ್ಟಿಗೆ ಏನೇನೂ ಸಾಲದು.

ಸಿಕ್ಕಿದ ಸೀಸವನ್ನ ಡಬ್ಬಿಯಲ್ಲಿ ಕೂಡಿಟ್ಟು ಗುಜರಿಗೆ ಕೊಡಬಹುದು. ಮನೆಯಲ್ಲಿ ಕರಗಿಸೋದು ಬೇಡ, ಅದರ ಹೊಗೆ ವಿಷ. ಅಭ್ಯಾಸ ಮುಗಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಬೇಕು.

ಕಬ್ಬಿಣದ ಗುರಿ: ಬಾಳಿಕೆ ಹೆಚ್ಚು, ಅಪಾಯವೂ ಹೆಚ್ಚು

ಎಷ್ಟು ಹೊಡೆದರೂ ಹಾಳಾಗದ ಗುರಿ ಬೇಕು ಅಂತ ವೆಲ್ಡಿಂಗ್ ಶಾಪಿಗೆ ಹೋಗುವವರು ಇದ್ದಾರೆ. ಇಲ್ಲಿ ಹುಷಾರಾಗಿರಬೇಕು. ಮಾಮೂಲಿ ಕಬ್ಬಿಣದ ತಗಡಿನಲ್ಲಿ ಗುಂಡು ಬಿದ್ದ ಕಡೆ ಗುಳಿ ಬೀಳುತ್ತೆ. ಮುಂದಿನ ಗುಂಡು ಆ ಗುಳಿಗೆ ಬಿದ್ದರೆ ಚೂರು ಹೊಡೆದವನ ಕಡೆಗೇ ವಾಪಸ್ ಬರಬಹುದು. ಶೂಟಿಂಗ್ ರೇಂಜ್‌ಗಳಲ್ಲಿ ಬಳಸೋದು ಗಟ್ಟಿಗೊಳಿಸಿದ ವಿಶೇಷ ಉಕ್ಕು. ಅದನ್ನ ಸರಪಳಿಯಲ್ಲಿ ನೇತು ಹಾಕಿ, ಮೇಲ್ತುದಿ ಸ್ವಲ್ಪ ಮುಂದಕ್ಕೆ ಬಾಗಿಸ್ತಾರೆ. ಆಗ ಚೂರು ನೆಲಕ್ಕೆ ಬೀಳುತ್ತೆ.

ಲಾರಿಯ ಸ್ಪ್ರಿಂಗ್ ಪಟ್ಟಿ, ಗಾಡಿಯ ಡಿಸ್ಕ್, ಹಳೆ ಡ್ರಮ್ ಇವೆಲ್ಲ ಬಾಗಿದ ಮೈಯವು, ಗುರಿಗೆ ಆಗಲ್ಲ. ಗುಳಿ ಬಿದ್ದ ತಗಡನ್ನ ಪಂದ್ಯದಲ್ಲಿ ಬಳಸಲೇಬಾರದು. ನೋಡುವವರೂ ಸೇರಿ ಹತ್ತಿರ ಇರುವವರೆಲ್ಲ ಕಣ್ಣಿಗೆ ಕನ್ನಡಕ ಹಾಕಬೇಕು. ಇಷ್ಟೆಲ್ಲ ಆಗಲ್ಲ ಅಂದರೆ ಕಬ್ಬಿಣದ ಸಹವಾಸವೇ ಬೇಡ, ರಟ್ಟು ಸಾಕು.

12 ಬೋರ್‌ಗೆ ಬೇರೆ ಲೆಕ್ಕ

12 ಬೋರ್ ಕೋವಿಯ ಛರ್ರೆ ಹರಡಿಕೊಂಡು ಹೋಗುತ್ತೆ. ದೂರ ಹೆಚ್ಚಿದಷ್ಟೂ ಕಾಯಿಗೆ ತಾಗುವ ಕಾಳು ಕಡಿಮೆ. ಹೀಗಾಗಿ ಒಳ್ಳೆ ಗುರಿಕಾರನೂ ಕೆಲವೊಮ್ಮೆ ಬರಿಗೈಲಿ ಬರ್ತಾನೆ. ನಿಮ್ಮ ಕೋವಿ ಹೇಗೆ ಹರಡುತ್ತೆ ಅಂತ ತಿಳಿಯೋಕೆ ಹಳೆ ದಿನಪತ್ರಿಕೆ ಹಾಳೆಗಳನ್ನ ಅಂಟಿಸಿ ನಾಲ್ಕಡಿ ಚೌಕ ಮಾಡಿ. ನಡುವೆ ಒಂದು ಗುರುತು ಹಾಕಿ ಒಂದೇ ಗುಂಡು ಹೊಡೆಯಿರಿ. ಆಮೇಲೆ ಕಾಳುಗಳು ದಟ್ಟವಾಗಿ ಬಿದ್ದ ಕಡೆ 76 ಸೆಂ.ಮೀ. ಅಡ್ಡಳತೆಯ ವೃತ್ತ ಬರೆದು ಒಳಗಿನ ತೂತು ಎಣಿಸಿ. 40 ಗಜ ದೂರದಿಂದ ಹೀಗೆ ಹೊಡೆದು ನೋಡೋದು ಕೋವಿ ತಯಾರಿಸುವವರೇ ಮಾಡುವ ಪರೀಕ್ಷೆ. ಹಾರುವ ಗುರಿಗೆ ಬಳಸುವ ಕ್ಲೇ ಬಿಲ್ಲೆಗಿಂತ (110 ಮಿ.ಮೀ. ಅಡ್ಡಳತೆ, ಸುಮಾರು 105 ಗ್ರಾಂ) ಇದು ಅಗ್ಗ, ಎಸೆಯುವ ಯಂತ್ರವೂ ಬೇಡ.

ಗುರಿಗಿಂತ ಮುಖ್ಯ ಅದರ ಹಿಂದಿನ ಬರೆ

ಇಷ್ಟು ಹೇಳಿದ್ದರಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ. .22 ಗುಂಡು ಸಣ್ಣದು, ಆದರೆ ತಡೆ ಇಲ್ಲದಿದ್ದರೆ ಒಂದು ಮೈಲಿ ದೂರದವರೆಗೂ ಅಪಾಯ ಮಾಡಬಲ್ಲದು. ಕಾಯಿಯನ್ನ ಮರದ ಎತ್ತರಕ್ಕೆ ಕಟ್ಟಿ ಹೊಡೆದರೆ ತಪ್ಪಿದ ಗುಂಡು ಆಕಾಶಕ್ಕೆ ಹೋಗಿ ಯಾರ ಲೈನ್ ಮನೆ ಹತ್ತಿರ, ಯಾರ ಕಾಫಿ ತೋಟದಲ್ಲಿ ಬೀಳುತ್ತೋ ಗೊತ್ತಿಲ್ಲ. ಗುರಿ ಕೆಳಗಿರಬೇಕು, ಹಿಂದೆ ಎತ್ತರದ ಮಣ್ಣಿನ ಬರೆ ಇರಬೇಕು. ಬರೆಯಲ್ಲಿ ಕಲ್ಲು ಕಂಡರೆ ಮುಂದೆ ಮಣ್ಣು ತುಂಬಿದ ಗೊಬ್ಬರದ ಚೀಲ ಜೋಡಿಸಬೇಕು. ಗುರಿಗಾಗಿ ಹೊಸದಾಗಿ ಬರೆ ಕಡಿಯೋದು ಬೇಡ. 2018ರ ಮಳೆಗಾಲ ಕಂಡ ನಮಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ತೋಡಿನ ಪಕ್ಕ, ಕೆರೆ ದಡದಲ್ಲಿ ಗುರಿ ಇಡೋದೂ ಬೇಡ. ಸೀಸ ವರ್ಷಾನುಗಟ್ಟಲೆ ಅಲ್ಲೇ ಉಳಿಯುತ್ತೆ.

2029ರ ಮಾತು

ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನ ಪ್ರಶ್ನಿಸಿದ ಅರ್ಜಿಯನ್ನ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಈ ಅವಧಿ 2029ರ ಅಕ್ಟೋಬರ್‌ಗೆ ಮುಗಿಯುತ್ತೆ. ಆಗ ಮತ್ತೆ ಪ್ರಶ್ನೆ ಏಳೋದು ಸಹಜ. ಹಬ್ಬದಲ್ಲಿ ಒಂದು ಅನಾಹುತ ಆದರೆ ವಿರೋಧಿಸುವವರಿಗೆ ಬೇರೆ ಕಾರಣ ಬೇಕಾಗಿಲ್ಲ. ಅದೇ ಊರೂರಲ್ಲಿ ಅಭ್ಯಾಸದ ಜಾಗ, ಅಂಕದ ಹಾಳೆ, ಸುರಕ್ಷತೆ ನೋಡಿಕೊಳ್ಳುವ ಒಬ್ಬರು ಇದ್ದರೆ ಅದೇ ಒಳ್ಳೆ ಉತ್ತರ. ವಿನಾಯಿತಿ ಇಲ್ಲದವರು ಬಂದೂಕಿಗೆ ಪರವಾನಗಿ ಇಟ್ಟುಕೊಂಡೇ ಬರಬೇಕು. ಸ್ಪರ್ಧೆ ಎಲ್ಲಿ, ಯಾವಾಗ ಅಂತ ಠಾಣೆಗೆ ಮೊದಲೇ ತಿಳಿಸೋದು ಎಲ್ಲರಿಗೂ ಕ್ಷೇಮ.

ಅಂಗಡಿಯವರಿಗೂ, ಸಂಘಕ್ಕೂ

ಒಂದು ಲೆಕ್ಕ ನೋಡಿ. ಐವತ್ತು ಕಾಯಿ, ಒಂದಕ್ಕೆ 50 ರೂಪಾಯಿ ಅಂದರೂ 2,500 ರೂಪಾಯಿ. ಒಂದು ದಪ್ಪ ಕಾರ್ಡ್ ಪ್ರಿಂಟ್‌ಗೆ 10 ರೂಪಾಯಿ ಹಿಡಿದರೆ ಅಷ್ಟೇ ದುಡ್ಡಿಗೆ 250 ಗುರಿ ಬರುತ್ತೆ. ಒಂದು ಗುರಿಗೆ ಐದು ಗುಂಡು ಅಂದರೆ ಇಡೀ ವರ್ಷದ ಭಾನುವಾರಗಳಿಗೆ ಆಗುತ್ತೆ. ಕಾಟ್ರೇಜ್ ದುಬಾರಿ, ಅದಕ್ಕೆ ಮಿತಿಯೂ ಇದೆ. ಆದ್ದರಿಂದ ಹೆಚ್ಚಿನ ಅಭ್ಯಾಸ ಏರ್‌ಗನ್‌ನಲ್ಲೇ ಆಗಬೇಕು.

ಪ್ರತಿ ವರ್ಷ ಬಹುಮಾನಕ್ಕೆ ಚಂದಾ ಕೊಡುವ ಅಂಗಡಿಯವರು ಈ ಸಲ ಒಂದು ಟ್ರೋಫಿ ಬದಲು ನೂರು ಗುರಿ ಕಾರ್ಡ್ ಕೊಡಬಹುದು, ಮೂಲೆಯಲ್ಲಿ ಅಂಗಡಿ ಹೆಸರು ಹಾಕಿಸಿಯೇ ಕೊಡಲಿ. ಸಂಘದವರು ಬೆಳಿಗ್ಗೆ ಕಾಗದದ ಗುರಿಗೆ ಅರ್ಹತಾ ಸುತ್ತು ಮಾಡಿ, ಹೆಚ್ಚು ಅಂಕ ಬಂದ ಹತ್ತು ಜನರನ್ನ ಮಧ್ಯಾಹ್ನ ಕಾಯಿಗೆ ಬಿಡಬಹುದು. ಜನರಿಗೆ ಕಾಯಿ ಒಡೆಯುವ ಖುಷಿಯೂ ಸಿಗುತ್ತೆ, ಗೆದ್ದವನ ಕೈಯಲ್ಲಿ ಅವನ ಹೆಸರು ಬರೆದ ಅಂಕದ ಹಾಳೆಯೂ ಇರುತ್ತೆ. ಉಳಿದ ಕಾಯಿ ಹಬ್ಬದ ಅಡುಗೆಗಾಗುತ್ತೆ.