ಲೆಕ್ಕ ನಿಲ್ಲಿಸಿದರೆ ನಷ್ಟ ನಿಲ್ಲುವುದೇ?

ದೊಡ್ಡ ದುರಂತದ ಮರುದಿನ ಅಧಿಕಾರದಲ್ಲಿರುವವರ ಬಾಯಿಂದ ತಪ್ಪದೆ ಬರುವ ಮಾತೊಂದಿದೆ: ‘ಇದನ್ನು ಯಾರೂ ಊಹಿಸಿರಲಿಲ್ಲ.’ 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಅಮೆರಿಕದ ನಾರ್ತ್ ಕರೋಲಿನಾ ರಾಜ್ಯದ ಪಶ್ಚಿಮದ ಬೆಟ್ಟಸೀಮೆಯನ್ನು ಕೊಚ್ಚಿಹಾಕಿದಾಗಲೂ ಈ ಮಾತು ಕೇಳಿಬಂತು. ಹೆಲೀನ್ ಮೊದಲು ಬಡಿದದ್ದು ಫ್ಲಾರಿಡಾ ಕರಾವಳಿಗೆ. ಅಲ್ಲಿಂದ ಸುಮಾರು 600 ಕಿ.ಮೀ. ದೂರದಲ್ಲಿ, ಎರಡು ಸಾವಿರ ಅಡಿ ಎತ್ತರದಲ್ಲಿರುವ ಆ್ಯಶ್‌ವಿಲ್‌ಗೆ ಚಂಡಮಾರುತ ಎಂದರೆ ನಂಬುವವರಾರು? ಸಮಜಾಯಿಷಿ ಚೆನ್ನಾಗಿದೆ, ಆದರೆ ಸುಳ್ಳು. ಗಾಳಿ ದಡ ಸೇರುವ ಮೊದಲೇ ಆ ಭಾಗದ ಹವಾಮಾನ ಕಚೇರಿ, ಬರಲಿರುವ ನೆರೆಯನ್ನು 1916ರ ಜುಲೈ ಪ್ರವಾಹಕ್ಕೆ ಹೋಲಿಸಿ ಜನರನ್ನು ಎಚ್ಚರಿಸಿತ್ತು.

ಆ 1916ರಲ್ಲೂ ಕಡಲಿಂದ ಬಂದ ಎರಡು ಬಿರುಗಾಳಿಗಳು ಒಂದರ ಬೆನ್ನಿಗೊಂದು ಅದೇ ಬೆಟ್ಟಗಳ ಮೇಲೆ ಮಳೆ ಸುರಿಸಿದ್ದವು. ಆಗ ಆ್ಯಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 23.1 ಅಡಿಗೆ ಏರಿತ್ತು. ಈ ಸಲ 24.67 ಅಡಿ. 2004ರಲ್ಲಿ ಫ್ರಾನ್ಸಿಸ್ ಮತ್ತು ಐವನ್ ಚಂಡಮಾರುತಗಳು ಇದೇ ಬೆಟ್ಟಸೀಮೆಗೆ ಬಂದಿದ್ದವು. ಪೀಕ್ಸ್ ಕ್ರೀಕ್‌ನ ಗುಡ್ಡ ಕುಸಿದು ಐವರು ಸತ್ತಿದ್ದರು. 2021ರಲ್ಲಿ ಫ್ರೆಡ್ ಬಂದು ಪಿಜನ್ ನದಿಯ ದಂಡೆಯಲ್ಲಿ ಆರು ಜನರನ್ನು ಬಲಿ ತೆಗೆದುಕೊಂಡಿತ್ತು. ಇಷ್ಟಾದ ಮೇಲೂ ಆ್ಯಶ್‌ವಿಲ್‌ಗೆ ಹವಾಮಾನ ಬದಲಾವಣೆಯಿಂದ ಸುರಕ್ಷಿತವಾದ ತಾಣ ಎಂಬ ಬಿರುದು ಅಂಟಿಕೊಂಡಿತ್ತು. ಕರಾವಳಿಯ ಸೆಕೆ, ಕಾಳ್ಗಿಚ್ಚು, ವಿಮೆಯ ಕಂತು ಇವುಗಳಿಂದ ಬೇಸತ್ತವರು ಇಲ್ಲಿಗೆ ಬಂದು ಮನೆ ಕೊಂಡರು. ಬಿರುದು ಕೊಟ್ಟವರಲ್ಲಿ ಯಾರೂ ಹಳೆಯ ಕಡತ ತೆರೆದು ನೋಡಿದಂತಿಲ್ಲ.

ಆ ಕಡತ ದೂರದಲ್ಲೇನೂ ಇರಲಿಲ್ಲ. ಅಮೆರಿಕದ ಹವಾಮಾನ ದಾಖಲೆಗಳ ರಾಷ್ಟ್ರೀಯ ಭಂಡಾರ ಇರುವುದೇ ಆ್ಯಶ್‌ವಿಲ್ ಪೇಟೆಯ ನಡುವೆ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾದ ಪರಿಸರ ಮಾಹಿತಿ ಕೇಂದ್ರವದು. ಹವಾಮಾನ ತಜ್ಞರು ಹಲವರು ವಾಸವಾಗಿರುವ ಊರು ಇದು. ಬೇರೆಯವರ ಊರಿನ ನೆರೆ-ಬರಗಳನ್ನು ಎಣಿಸುತ್ತಿದ್ದವರು ಸೆಪ್ಟೆಂಬರ್ 27ರ ಶುಕ್ರವಾರ ತಾವೇ ಎಣಿಕೆಯೊಳಗೆ ಸೇರಿದರು. ದಾಖಲೆಗಳು ಉಳಿದವು, ಕೇಂದ್ರದ ಸೇವೆ ಸ್ಥಗಿತಗೊಂಡಿತು. ಜಲಾಶಯದಿಂದ ಊರಿಗೆ ಬರುವ ದೊಡ್ಡ ಕೊಳವೆಗಳೇ ಕೊಚ್ಚಿಹೋಗಿದ್ದರಿಂದ ಕುಡಿಯಲು ಯೋಗ್ಯವಾದ ನಲ್ಲಿ ನೀರು ಬರಲು ನವೆಂಬರ್ 18 ಆಯಿತು, ಅಂದರೆ 53 ದಿನ. ವಿಜ್ಞಾನಿಯೂ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತ. ತಿಳಿದವರ ಮನೆಯೂ ಮುಳುಗಿತು ಎಂದ ಮೇಲೆ, ಕೊರತೆ ಇದ್ದದ್ದು ತಿಳಿವಳಿಕೆಯಲ್ಲಲ್ಲ.

ಮಳೆಯ ಲೆಕ್ಕವನ್ನೂ ನೋಡೋಣ. ಆಗುಂಬೆಯವರಿಗೆ ಮೂರು ದಿನದಲ್ಲಿ 355 ಮಿ.ಮೀ. ಎಂದರೆ ಹುಬ್ಬೇರಿಸುವ ಸಂಗತಿಯಲ್ಲ. ಆದರೆ ಆ್ಯಶ್‌ವಿಲ್ ವಿಮಾನ ನಿಲ್ದಾಣದಲ್ಲಿ ವರ್ಷಕ್ಕೆ ಬೀಳುವ ಮಳೆಯ ಕಾಲುಭಾಗಕ್ಕಿಂತ ಹೆಚ್ಚು ಅದು. ಪಕ್ಕದ ಮೌಂಟ್ ಮಿಚೆಲ್ ಶಿಖರದಲ್ಲಿ 600 ಮಿ.ಮೀ. ದಾಟಿತು. ಇದರಲ್ಲಿ ಭೂಮಿ ಬಿಸಿಯೇರಿದ್ದರ ಪಾಲೆಷ್ಟು? ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡದ ಅಂದಾಜಿನಂತೆ ಮಳೆ ಸುಮಾರು ಶೇ 10ರಷ್ಟು ಹೆಚ್ಚಿತು. ‘ಅಷ್ಟೇನಾ?’ ಎಂದು ನಗುವವರಿದ್ದಾರೆ. ಮಣ್ಣು ಹೀರುವಷ್ಟು ಹೀರಿದ ಮೇಲೆ ಬೀಳುವ ಮಳೆಯೇ ಗುಡ್ಡವನ್ನು ಜಾರಿಸುವುದು ಎಂಬುದು ಅವರಿಗೆ ಬೇಡ. ಎಲ್ಲವನ್ನೂ ಇಂಗಾಲದ ತಲೆಗೆ ಕಟ್ಟುವವರಿಗೂ ಒಂದು ಮಾತು ಹೇಳಬೇಕು: ಉಳಿದ ಮಳೆ ಹೇಗೂ ಬೀಳುವುದಿತ್ತು. ಅದು ಬೀಳುವ ಜಾಗದಲ್ಲಿ ಏನು ಕಟ್ಟಿದ್ದೆವು ಎಂಬ ಪ್ರಶ್ನೆಯನ್ನು ತಾಪಮಾನದ ಹೆಸರು ಹೇಳಿ ದಾಟಿಸಲಾಗದು.

ನನ್ನ ತಕರಾರು ಇರುವುದು ಅಲ್ಲಿ. 2004ರ ಸಾವುಗಳ ನಂತರ ರಾಜ್ಯ ಸರ್ಕಾರ ಗುಡ್ಡ ಎಲ್ಲಿ ಕುಸಿಯಬಹುದು ಎಂಬ ನಕ್ಷೆ ಮಾಡಿಸಲು ಹೊರಟಿತು. ಕೆಲವೇ ಕೌಂಟಿಗಳ ನಕ್ಷೆ ಮುಗಿದಿತ್ತು. 2011ರಲ್ಲಿ ಶಾಸನಸಭೆ ಹಣ ನಿಲ್ಲಿಸಿತು. ಕೆಲಸ ಮತ್ತೆ ಶುರುವಾಗಲು 2018 ಬರಬೇಕಾಯಿತು. ಕಡಿದಾದ ಇಳಿಜಾರಿನಲ್ಲಿ ಮನೆ ಕಟ್ಟುವುದಕ್ಕೆ ರಾಜ್ಯಮಟ್ಟದ ನಿಯಮ ತರುವ ಪ್ರಯತ್ನ, ಬಿಲ್ಡರುಗಳ ಮತ್ತು ರಿಯಲ್ ಎಸ್ಟೇಟ್‌ನವರ ವಿರೋಧದಲ್ಲಿ ಬಿದ್ದುಹೋಯಿತು. ಹೆಲೀನ್ ಬಂದಾಗ ಆ ಬೆಟ್ಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಡೆ ಗುಡ್ಡ ಜಾರಿತು. ನಾರ್ತ್ ಕರೋಲಿನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು.

ಬಿಲ್ಡರುಗಳ ವಾದ ಪೂರ್ತಿ ಪೊಳ್ಳಲ್ಲ. ನಿಯಮ ಬಿಗಿಯಾದರೆ ಮನೆಯ ಬೆಲೆ ಏರುತ್ತದೆ, ಸ್ಥಳೀಯ ಬಡವರಿಗೆ ನೆಲೆ ಸಿಗುವುದಿಲ್ಲ ಎನ್ನುತ್ತಾರೆ. ಆದರೆ ಬೆಟ್ಟಸೀಮೆಯಲ್ಲಿ ಸಮತಟ್ಟು ಜಾಗ ಹೆಚ್ಚಾಗಿ ಇರುವುದು ಹೊಳೆದಂಡೆಯಲ್ಲಿ. ನೋಟ ಚೆನ್ನಾಗಿರುವ ಇಳಿಜಾರು ಉಳ್ಳವರಿಗೆ, ತಗ್ಗಿನ ಮೊಬೈಲ್ ಹೋಮ್‌ಗಳು ಇಲ್ಲದವರಿಗೆ. ಆ್ಯಶ್‌ವಿಲ್ ಬಳಿಯ ಸ್ವಾನನೋವ ಕಣಿವೆಯಲ್ಲಿ ಕೊಚ್ಚಿಹೋದ ಇಂಥ ಮನೆಗಳನ್ನು ಕಂಡವರು ಬಡವರ ಹೆಸರಿನಲ್ಲಿ ನಿಯಮ ತಡೆಯಲು ಇನ್ನಾದರೂ ಹಿಂಜರಿಯಬೇಕು. ಪ್ರವಾಹ ವಿಮೆ ಇದ್ದ ಮನೆಗಳೋ ನೂರಕ್ಕೆ ಒಂದೆರಡು. ಅಗ್ಗದ ಮನೆಯ ಉಳಿದ ಬೆಲೆಯನ್ನು ಕೊನೆಗೆ ತೆತ್ತವರು ಅದೇ ಬಡವರು.

ನಮ್ಮವರು ಇದನ್ನು ಓದಿ ಅಮೆರಿಕದವರ ಕತೆ ಎಂದುಕೊಳ್ಳಬೇಕಿಲ್ಲ. ವಯನಾಡಿನ ಗುಡ್ಡ ಕುಸಿದು ಎರಡು ತಿಂಗಳಾಗಿದ್ದ ಆ ಸೆಪ್ಟೆಂಬರ್ ಕೊನೆಯ ವಾರದಲ್ಲೇ ಕರ್ನಾಟಕದ ಸಚಿವ ಸಂಪುಟ ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕೊಟ್ಟ ಕಾರಣವೂ ಸ್ಥಳೀಯರ ಬದುಕೇ.

ಮತ್ತೆ ನಾರ್ತ್ ಕರೋಲಿನಾಕ್ಕೆ ಬಂದರೆ, ಅಲ್ಲಿ ನೆರೆ ಇಳಿಯುವ ಮೊದಲೇ ವದಂತಿಗಳು ಹರಿದವು. ಸರ್ಕಾರವೇ ಚಂಡಮಾರುತವನ್ನು ಬೆಟ್ಟದ ಕಡೆ ತಿರುಗಿಸಿತು ಎಂಬುದು ಒಂದು. ಆಗ ಜಾರ್ಜಿಯಾದ ಸಂಸದೆಯಾಗಿದ್ದ ಮಾರ್ಜರಿ ಟೇಲರ್ ಗ್ರೀನ್, ‘ಅವರು’ ಹವಾಮಾನವನ್ನು ನಿಯಂತ್ರಿಸಬಲ್ಲರು ಎಂದು ಬರೆದರು. ಆ್ಯಶ್‌ವಿಲ್ ಪ್ರದೇಶದ ಸಂಸದ ಚಕ್ ಎಡ್ವರ್ಡ್ಸ್ ಗ್ರೀನ್ ಅವರದ್ದೇ ರಿಪಬ್ಲಿಕನ್ ಪಕ್ಷದವರು; ಇದೆಲ್ಲ ಸುಳ್ಳು ಎಂದು ಹೇಳಿಕೆ ಹೊರಡಿಸಬೇಕಾಯಿತು. ಬೆದರಿಕೆಯಿಂದಾಗಿ ಅಮೆರಿಕದ ವಿಕೋಪ ನಿರ್ವಹಣಾ ಸಂಸ್ಥೆಯಾದ ಫೀಮಾದ ಪರಿಹಾರ ಸಿಬ್ಬಂದಿ ಕೆಲವೆಡೆ ಮನೆಮನೆ ಭೇಟಿ ನಿಲ್ಲಿಸಿದರು. ಇಳಿಜಾರು ನಿಯಮ ಬೀಳಿಸಿದ್ದು ಯಾರು ಎಂದು ಕೇಳಬೇಕಾದ ಹೊತ್ತಿನಲ್ಲಿ ಜನ ಆಕಾಶ ನೋಡುತ್ತಿದ್ದರು. ಶಾಸಕರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಆ್ಯಶ್‌ವಿಲ್‌ನ ಅದೇ ಕೇಂದ್ರ, ನೂರು ಕೋಟಿ ಡಾಲರ್ ಮೀರಿದ ನಷ್ಟದ ವಿಕೋಪಗಳ 1980ರಿಂದೀಚಿನ ಪಟ್ಟಿಯನ್ನು ಇಟ್ಟುಕೊಂಡು ಬಂದಿತ್ತು. ಹೆಲೀನ್ ಹೆಸರಿನ ಎದುರು ಅದು ಬರೆದ ಮೊತ್ತ ಸುಮಾರು 7,870 ಕೋಟಿ ಡಾಲರ್. 2025ರ ಮೇ ತಿಂಗಳಲ್ಲಿ ಆ ಪಟ್ಟಿಯನ್ನು ಇನ್ನು ಮುಂದುವರಿಸುವುದಿಲ್ಲ ಎಂದು ನೋವಾ ಪ್ರಕಟಿಸಿತು. ಪಟ್ಟಿಯ ಬಗ್ಗೆ ಟೀಕೆ ಇತ್ತು, ನಿಜ: ಮೊತ್ತ ಏರಿದ್ದು ಬಿರುಗಾಳಿ ಹೆಚ್ಚಿದ್ದರಿಂದಲ್ಲ, ಅಪಾಯದ ಜಾಗದಲ್ಲಿ ಆಸ್ತಿ ಹೆಚ್ಚಿದ್ದರಿಂದ ಎನ್ನುತ್ತಿದ್ದರು. ಒಪ್ಪೋಣ. ಹಾಗಿದ್ದರೆ ಆ ಪಟ್ಟಿಯನ್ನು ಉಳಿಸಿಕೊಳ್ಳಲು ಇನ್ನೂ ಬಲವಾದ ಕಾರಣ ಸಿಕ್ಕಿತು. ಕಟ್ಟಬಾರದ ಕಡೆ ಎಷ್ಟು ಕಟ್ಟಿದ್ದೇವೆ ಎಂದು ವರ್ಷವರ್ಷ ತೋರಿಸುತ್ತಿದ್ದ ಲೆಕ್ಕವಲ್ಲವೇ ಅದು?

ಲೆಕ್ಕ ನಿಲ್ಲಿಸಿದ್ದರಿಂದ ಒಂದು ಡಾಲರ್ ನಷ್ಟವೂ ತಗ್ಗುವುದಿಲ್ಲ. ಅದನ್ನು ತೆರಬೇಕಾದವರಿಗೆ ಮೊತ್ತ ತಿಳಿಯದಂತಾಗುತ್ತದೆ, ಅಷ್ಟೆ. ಆ ಬೆಟ್ಟಗಳಲ್ಲಿ ಈಗ ಮತ್ತೆ ಮನೆ ಕಟ್ಟುತ್ತಿದ್ದಾರೆ. ಇಳಿಜಾರಿನ ನಿಯಮವಿಲ್ಲದೆ ಅಲ್ಲಿ ಮನೆ ಕಟ್ಟಲು ಅನುಮತಿ ಕೊಡುವವರಿಗೆ, ಮುಂದಿನ ನೆರೆಯ ಮರುದಿನ ‘ಯಾರೂ ಊಹಿಸಿರಲಿಲ್ಲ’ ಎನ್ನುವ ಹಕ್ಕಿಲ್ಲ.