‘ಮಾತ್ರ’ ಎಂಬ ಮಾತಿನ ಮೋಸ

ಶರಾವತಿ ಕಣಿವೆ ಮತ್ತೊಮ್ಮೆ ಬೆಳಕಿನ ಹೆಸರಿನಲ್ಲಿ ಬಲಿಗಂಬದ ಮುಂದೆ ನಿಂತಿದೆ. ತಲಕಳಲೆ ಹಾಗೂ ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟ್ ಸಾಮರ್ಥ್ಯದ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ರೂಪಿಸಿದೆ. ಸಮರ್ಥಕರ ವಾದ ಸರಳವಾದುದು: ಜಲಾಶಯಗಳು ಮೊದಲೇ ಇವೆ, ಸುರಂಗ ನೆಲದಡಿ ಸಾಗುತ್ತದೆ, ಬೇಕಾದ ಅರಣ್ಯ ಸುಮಾರು 54 ಹೆಕ್ಟೇರ್ ಮಾತ್ರ, 930 ಚದರ ಕಿಲೋಮೀಟರಿನ ಅಭಯಾರಣ್ಯದಲ್ಲಿ ಅದು ಯಾವ ಲೆಕ್ಕ?

ಈ ‘ಮಾತ್ರ’ ಎಂಬ ಮಾತಿನಲ್ಲಿಯೇ ಮೋಸವಿದೆ. ಇದೇ ಅಭಯಾರಣ್ಯಕ್ಕೆ 2019ರಲ್ಲಿ ಸಿಂಗಳೀಕದ ಹೆಸರಿಟ್ಟದ್ದು ಸರ್ಕಾರವೇ. ಪಶ್ಚಿಮಘಟ್ಟದ ಹೊರಗೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲದ ಈ ಜೀವಿ ಬದುಕುವುದು ನೆಲದ ಮೇಲಲ್ಲ, ಮರಗಳ ನೆತ್ತಿಯಲ್ಲಿ. ಕೊಂಬೆಗೆ ಕೊಂಬೆ ತಾಗಿದ ಹಸಿರು ಚಪ್ಪರವೇ ಅದರ ದಾರಿ, ಅದೇ ಅದರ ಉಗ್ರಾಣ. ಸುರಂಗ ನೆಲದಡಿ ಹೋದರೂ ಅದರ ಬಾಯಿಗೆ ಲಾರಿಗಳು ಬರುವ ರಸ್ತೆ, ಅಗೆದ ಕಲ್ಲುಮಣ್ಣು ಸುರಿಯುವ ಜಾಗ, ವಿದ್ಯುತ್ ತಂತಿಯ ಸಾಲು ಇವೆಲ್ಲ ನೆಲದ ಮೇಲೆಯೇ ಬರಬೇಕು. ಇಂಥದೊಂದು ಪಟ್ಟಿ ಚಪ್ಪರವನ್ನು ಸೀಳಿದರೆ ಹೆಕ್ಟೇರಿನ ಲೆಕ್ಕದಲ್ಲಿ ಕಾಡು ಉಳಿದಿರುತ್ತದೆ. ಸಿಂಗಳೀಕದ ಪಾಲಿಗೆ ಅದು ಎರಡು ತುಂಡಾಗಿರುತ್ತದೆ. ಬೇರೆಲ್ಲೋ ನೆಟ್ಟ ಸಸಿಗಳು ಆ ಸೀಳನ್ನು ಹೊಲಿಯಲಾರವು.

ಇಷ್ಟಕ್ಕೂ ಈ ಯೋಜನೆ ಹೊಸ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಬೇಡಿಕೆ ಕಡಿಮೆಯಿರುವಾಗ ನೀರನ್ನು ಮೇಲೆತ್ತಿ, ಹೆಚ್ಚಿದಾಗ ಕೆಳಗಿಳಿಸುವುದಷ್ಟೇ ಇದರ ಕೆಲಸ. ಎತ್ತಲು ವ್ಯಯವಾಗುವ ವಿದ್ಯುತ್ತು ಮರಳಿ ದೊರೆಯುವುದಕ್ಕಿಂತ ಹೆಚ್ಚು. ಸೂರ್ಯನ ಶಕ್ತಿಯನ್ನು ಸಂಗ್ರಹಿಸಿಡುವ ಅಗತ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಉಗ್ರಾಣ ಕಟ್ಟಲು ಬೇರೆ ಜಾಗವನ್ನು, ಬ್ಯಾಟರಿಯಂಥ ಬೇರೆ ವಿಧಾನವನ್ನು ಹುಡುಕಬಹುದು. ಸಿಂಗಳೀಕಕ್ಕೆ ಬೇರೆ ಕಣಿವೆಯನ್ನು ಹುಡುಕಿಕೊಡಲಾಗದು.

ನಾಡಿಗೆ ಬೆಳಕು ಕೊಟ್ಟ ಋಣ ಈ ಕಣಿವೆಯ ಮೇಲೆ ಬಾಕಿಯಿಲ್ಲ. ಬಾಕಿಯಿರುವುದು ನಾಡಿನ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಊರು, ಗದ್ದೆ, ತೋಟ, ಗುಡಿಗಳು ಮುಳುಗಿದವು. ಅಂದು ಎದ್ದುಹೋದವರ ಮಕ್ಕಳು, ಮೊಮ್ಮಕ್ಕಳಲ್ಲಿ ಅನೇಕರು ಭೂಮಿಯ ಹಕ್ಕಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದಿದ್ದಾರೆ. ಹಳೆಯ ಮಾತನ್ನು ಉಳಿಸಿಕೊಳ್ಳದವರು ಹೊಸ ಭರವಸೆ ನೀಡಿದರೆ ನಂಬುವವರಾರು?

ಜನ ಎದ್ದು ನಿಂತರೆ ಯೋಜನೆಗಳು ನಿಲ್ಲುತ್ತವೆ ಎಂಬುದಕ್ಕೆ ನಿದರ್ಶನಗಳುಂಟು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಇದೇ ಸಿಂಗಳೀಕ ಹೋರಾಟದ ಲಾಂಛನವಾಯಿತು. ಜಲವಿದ್ಯುತ್ ಯೋಜನೆ ಹಿಂದೆ ಸರಿಯಿತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಉತ್ತರ ಕನ್ನಡದಲ್ಲಿ ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಒಟ್ಟಾಗಿ ಕುಳಿತು ಬೇಡ್ತಿ ಯೋಜನೆಯ ಲಾಭನಷ್ಟವನ್ನು ತೂಗಿ ತೋರಿಸಿದರು, ಅದೂ ಕೈಬಿಟ್ಟುಹೋಯಿತು.

ಶರಾವತಿಗೂ ಅದೇ ಎಚ್ಚರ ಬೇಕು. ಗ್ರಾಮಸಭೆಗಳು ನಿರ್ಣಯ ಕೈಗೊಳ್ಳಲಿ. ಯೋಜನಾ ವರದಿ ಪೂರ್ಣವಾಗಿ ಕನ್ನಡದಲ್ಲಿ ಜನರ ಕೈಸೇರಲಿ. ಆಕ್ಷೇಪಣೆಗಳು ಬರೆಹದಲ್ಲಿ ದಾಖಲಾಗಲಿ. ಅಹವಾಲು ಸಭೆಗೆ ಬಂದು ಸಾಕ್ಷಿ ಹೇಳಲು ಸಿಂಗಳೀಕಕ್ಕೆ ಬಾರದು. ಅದರ ಪರವಾಗಿ ಬಾಯಿ ತೆರೆಯಬೇಕಾದವರು ಅದೇ ಕಾಡಿನ ನೀರು ಕುಡಿದು ಬೆಳೆದ ಮಲೆನಾಡಿಗರು.